ಕರಡದ ಮೆದೆ

ಕೆರೆ ಏರಿಯ ಮೇಲೆ ನಿಂತು ನೋಡಿದರೆ ಎರಡು ತಟ್ಟು ಕುದುರೆಗಳೂ ಚೆನ್ನಾಗಿಯೇ ಕಾಣುತ್ತಿದ್ದವು. ಎರಡು ತಿಂಗಳಿಂದ ಕಾಂತರಾಜು ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಇದೇ ಜಾಗದಲ್ಲಿ ಸೈಕಲ್ ನಿಲ್ಲಿಸಿ ನೋಡುತ್ತಿದ್ದ, ಇವತ್ತೂ ನಿಲ್ಲಿಸಿದ್ದ. ಕೆರೆ ಕೆಳಗಿನ ಗದ್ದೆಬಯಲಿನಲ್ಲಿ ಕುಯ್ಲು ಮುಗಿದು ಎರಡು ತಿಂಗಳು ಕಳೆದಿತ್ತು. ಕೂಳೆಯ ಮೇಲೆ ಮಂಜು ಇನ್ನೂ ಮೊಣಕಾಲುದ್ದ ನಿಂತಿತ್ತು. ಅದರೊಳಗೆ ಬೆಳ್ಳಿ ಎಂಬ ಬಿಳಿಯ ಹೆಣ್ಣು ತಟ್ಟು ಕುತ್ತಿಗೆ ಇಳಿಬಿಟ್ಟು ಏನನ್ನೋ ಹುಡುಕುತ್ತಿತ್ತು. ಅದರ ಮರಿ ಕೆಂಚ, ಮರಿಯೆಂದರೂ ಈಗ ಅದಕ್ಕೆ ಎಂಟು ವರ್ಷ, ಬದುವಿನ ಗರಿಕೆಯನ್ನು ಬೇರುಸಮೇತ ಗೊರಸಿನಲ್ಲಿ ಕೆದಕುತ್ತಿತ್ತು. ಎರಡರ ಹೊಟ್ಟೆಯೂ ದುಂಡಗಿತ್ತು, ಚಳಿಗೆ ಮೈತುಂಬ ಒತ್ತಾಗಿ ಕೂದಲು ಬೆಳೆದಿತ್ತು. ಯಾರು ಬೇಕಾದರೂ ಬರಲಿ, ಇಲ್ಲಿಂದ ನೋಡಿದರೆ ಒಂದು ಮಾತು ಆಡುವಂತಿಲ್ಲ ಎಂದುಕೊಂಡ. ಅಂದುಕೊಂಡ ಮರುಕ್ಷಣವೇ ‘ಇಲ್ಲಿಂದ ನೋಡಿದರೆ’ ಎಂದು ತಾನು ಸೇರಿಸಿಕೊಂಡಿದ್ದು ಅವನಿಗೇ ಹೊಳೆಯಿತು. ಹನ್ನೊಂದು ಗಂಟೆ ಬಸ್ಸಿಗೆ ಮಂಟಯ್ಯ ಬರುತ್ತಾನಂತೆ ಎಂದು ಹಾಲಿನ ವ್ಯಾನಿನವನು ಆಗಷ್ಟೇ ಹೇಳಿಹೋಗಿದ್ದ. ಮಂಟಯ್ಯ ಏರಿಯ ಮೇಲೆ ನಿಂತು ನೋಡಿ ಹೋಗುವ ಮನುಷ್ಯನಲ್ಲ.

ಮಂಟಯ್ಯನ ತಟ್ಟುಗಳು ಅವು. ನಲವತ್ತು ವರ್ಷ ಪಿರಿಯಾಪಟ್ಟಣಕ್ಕೂ ಕಂಪಲಾಪುರಕ್ಕೂ ಜಟಕಾ ಓಡಿಸಿದವನು ಮಂಟಯ್ಯ. ಆಟೋಗಳು ಬಂದ ಮೇಲೂ ಮೂಟೆ, ಮುದುಕರು, ಬಾಳೆಗೊನೆ ಹೊತ್ತುಕೊಂಡು ಹೇಗೋ ನಡೆಸಿಕೊಂಡಿದ್ದ. ಕಳೆದ ದೀಪಾವಳಿಗೆ ಮುಂಚೆ ಜಟಕಾದಿಂದ ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಎಚ್.ಡಿ. ಕೋಟೆಯಲ್ಲಿದ್ದ ಮಗಳು ಕುಳ್ಳಮ್ಮ ಬಂದು ಕರೆದುಕೊಂಡು ಹೋದಳು. ಅವಳ ಒಂದು ಕೋಣೆಯ ಮನೆಯಲ್ಲಿ ಅಪ್ಪನಿಗೇ ಜಾಗ ಕಷ್ಟ, ತಟ್ಟುಗಳಿಗೆಲ್ಲಿ? ಹಾಗಾಗಿ ಅವು ಮಂಟಯ್ಯ ಚಿಕ್ಕಂದಿನಿಂದ ಬಲ್ಲ ಕಾಂತರಾಜುವಿನ ಪಾಲಿಗೆ ಬಂದವು. ಹೊರಡುವ ದಿನ ಕಂಪಲಾಪುರದ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯಿಂದ ಕೈ ಚಾಚಿ ಮಂಟಯ್ಯ ಅವನ ಮುಂಗೈ ಹಿಡಿದುಕೊಂಡಿದ್ದ. “ಇವು ದನ ಅಲ್ಲ ಕಣಪ್ಪ ಕಾಂತು. ದನ ಆದ್ರೆ ಸಂಜೆಗಂಟ ತುಂಬ್ಕೊಂಡು ಬಂದು ರಾತ್ರಿಯೆಲ್ಲ ಮೆಲುಕಾಕ್ತಾ ಮನಿಕತದೆ. ಇವಕ್ಕೆ ಆ ಯೋಗ ಇಲ್ಲ. ಅಗೀತಾನೇ ಇರ್ಬೇಕು, ನಿಂತ್ರೆ ಮೈ ಕರಗ್ತದೆ. ಚಳೀಗೆ ಕೂದ್ಲು ಬೆಳೀತದೆ, ಒಣಗಿದ್ದು ತಿಂದು ಒಟ್ಟೆ ಉಬ್ತದೆ, ಕಣ್ಣಿಗೆ ಚೆನ್ನಾಗೇ ಕಾಣ್ತವೆ. ನೀನು ಕಣ್ಣಲ್ಲಿ ನೋಡ್ಬೇಡ. ಎಂಟು ದಿನಕ್ಕೊಂದ್ಸಲ ಕೂದ್ಲೊಳಕ್ಕೆ ಕೈ ಇಡು. ಪಕ್ಕೆ ಮೂಳೆ ಬೆರಳಿಗೆ ಸಿಕ್ಕಿದ ದಿನ ಕರಡ ಆಕಕ್ಕೆ ಶುರು ಮಾಡ್ಬುಡು. ಬಯಲಲ್ಲಿ ಉಲ್ಲು ಇನ್ನೂ ಅದೆ ಅಂತ ಕಾಯ್ಬೇಡ.” ಬಸ್ಸು ಹೊರಟ ಮೇಲೂ ಕತ್ತು ಹೊರಹಾಕಿ, “ಕೈ ಇಡು ಕಣಪ್ಪ” ಎಂದಿದ್ದ. ಕರಡವೂ ಅವನದೇ. ಬೀಳುವ ಮುಂಚೆ, ಹುಲ್ಲು ಹೂ ಬಿಡುವ ಹೊತ್ತಿಗೆ, ಕೆರೆಯಂಗಳದಲ್ಲಿ ತಾನೇ ಕುಯ್ದು, ತಿರುವಿ ತಿರುವಿ ಒಣಗಿಸಿ ಎರಡು ಗಾಡಿಯಷ್ಟು ಮಾಡಿಟ್ಟಿದ್ದ. ಅದನ್ನು ತಂದು ಕಾಂತರಾಜುವಿನ ಹಿತ್ತಲಲ್ಲಿ ಅವನ ಭತ್ತದ ಹುಲ್ಲಿನ ದೊಡ್ಡ ಮೆದೆಯ ಪಕ್ಕ ಚಿಕ್ಕದಾಗಿ ಮೆದೆ ಹಾಕಿದ್ದರು. ಎರಡು ಜೀವಕ್ಕೆ ಶಿವರಾತ್ರಿವರೆಗೆ ಅಷ್ಟು ಸಾಕು ಎಂದು ಮಂಟಯ್ಯ ಲೆಕ್ಕ ಹಾಕಿದ್ದ.

ಕಾಂತರಾಜುವಿಗೆ ಹೇಳಿಕೊಡುವುದೇ? ಎತ್ತಿನ ವಿಷಯಕ್ಕೆ ಸುತ್ತ ಹತ್ತು ಹಳ್ಳಿಯಲ್ಲಿ ಅವನ ಕಣ್ಣೆಂದರೆ ಕಣ್ಣು. ಚುಂಚನಕಟ್ಟೆಯ ದನಗಳ ಪರಿಷೆಗೆ ಹೋಗುವವರು ಅವನನ್ನು ಮುಂದಿಟ್ಟುಕೊಂಡೇ ಹೋಗುತ್ತಿದ್ದರು. ದೂರದಲ್ಲಿ ನಿಂತು, ಬೀಡಿ ಎಳೆಯುತ್ತ, ಇದು ನಾಲ್ಕು ಹಲ್ಲಿನದು, ಇದಕ್ಕೆ ಬಲಗಾಲು ಸ್ವಲ್ಪ ತೊಂದರೆ, ಇದು ಬೇಸಿಗೆಗೆ ಇಳಿದುಹೋಗುತ್ತದೆ ಎಂದು ಅವನು ಹೇಳಿದರೆ ಅದಕ್ಕೆ ಎರಡು ಮಾತಿಲ್ಲ. ಅಂಥವನು ಮೊದಲನೇ ವಾರ ಮಂಟಯ್ಯನ ಮಾತಿಗೆ ಬೆಲೆ ಕೊಟ್ಟು ಬಯಲಿಗಿಳಿದು ಬೆಳ್ಳಿಯ ಹತ್ತಿರ ಹೋಗಿದ್ದ. ಅದು ಒಂದು ಸುತ್ತು ತಿರುಗಿ ಅವನತ್ತ ಹಿಂಭಾಗ ಮಾಡಿ ನಿಂತು ಕಿವಿ ಹಿಂದಕ್ಕೆ ಒತ್ತಿತು. ಒದೆಯಲಿಲ್ಲ, ಒದೆಯಬಹುದು ಎಂದು ತೋರಿಸಿತು ಅಷ್ಟೆ. ಕಾಂತರಾಜು ಎರಡು ಹೆಜ್ಜೆ ಹಿಂದಕ್ಕೆ ಹಾರಿ, ಕೂಳೆಗೆ ಕಾಲು ತೊಡರಿ, ಕುಂಡಿಯೂರಿ ಕೂತುಬಿಟ್ಟ. ಏರಿಯ ಮೇಲೆ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದ ನಾಲ್ಕು ಮಂದಿ ನಿಂತು ನೋಡಿದರು. “ಏನ್ ಕಾಂತಣ್ಣ, ಓರಿಗಳ ಬಾಯಿಗೇ ಕೈ ಆಕೋನು ಮುದಿ ತಟ್ಟುಗೆ ಎದರ್ಕೊಂಡ್ಯಲ್ಲ!” ಎಂದು ಚಲುವರಾಜು ಕೂಗಿದ. ಎಲ್ಲರೂ ನಕ್ಕರು. ಕಾಂತರಾಜುವೂ ನಕ್ಕ, ಪಂಚೆಯ ಮಣ್ಣು ಕೊಡವಿಕೊಂಡು. ಆ ನಗು ಎಷ್ಟು ದಿನವಾದರೂ ಅವನಿಗೆ ಜೀರ್ಣವಾಗಲಿಲ್ಲ. ಅಂದಿನಿಂದ ಅವನು ತಟ್ಟುಗಳನ್ನು ಏರಿಯ ಮೇಲಿಂದಲೇ ನೋಡತೊಡಗಿದ.

ನೋಡಿ, ದಿನಾ ಒಂದೇ ತೀರ್ಮಾನಕ್ಕೆ ಬರುತ್ತಿದ್ದ: ಇನ್ನೂ ಹುಲ್ಲಿದೆ. ಕಾರ್ತೀಕ ಮುಗಿಯುವಾಗ ಬದುಗಳು ಹಸಿರಾಗಿದ್ದವು, ಅಂದಿನ ಮಟ್ಟಿಗೆ ಅದು ನಿಜವೂ ಆಗಿತ್ತು. ಮಾರ್ಗಶಿರದಲ್ಲಿ ಹಸಿರು ಹೋಗಿ ಕೂಳೆ ಉಳಿಯಿತು. ಆಗಲೂ ಇನ್ನೂ ಇದೆ ಎಂದ. ದನಗಳಾದರೆ ಆ ಕೂಳೆಯಲ್ಲೇ ಇನ್ನೊಂದು ತಿಂಗಳು ತಳ್ಳುತ್ತವೆ. ಜೊತೆಗೆ ಮನೆಯ ಪದ್ಧತಿ ಬೇರೆ. ಅವನ ತಾಯಿ ತಿಮ್ಮಮ್ಮ ಸಂಕ್ರಾಂತಿಗೆ ಮುಂಚೆ ಮೆದೆಗೆ ಕೈ ಹಾಕಲು ಬಿಡುತ್ತಿರಲಿಲ್ಲ. ಹಬ್ಬದ ದಿನ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸಿ ಕೊಟ್ಟಿಗೆಗೆ ತಂದ ಮೇಲೆ ಮನೆಯ ಯಜಮಾನ ಹೊಸ ಮೆದೆಯಿಂದ ಮೊದಲ ಹಿಡಿ ಹುಲ್ಲು ಹಿರಿಯಬೇಕು. ಅದಕ್ಕೆ ಮುಂಚೆ ಹಿರಿದ ಹುಲ್ಲು ವರ್ಷ ಪೂರ್ತಿ ನಿಲ್ಲುವುದಿಲ್ಲ ಎಂಬುದು ಅವಳ ನಂಬಿಕೆ. ಸಂಕ್ರಾಂತಿವರೆಗೆ ಹೇಗೋ ತಳ್ಳೋಣ, ಆಮೇಲೆ ಬೇಸಿಗೆಗೆ ಕರಡ ಉಳಿದಷ್ಟೂ ಒಳ್ಳೆಯದೇ ಅಲ್ಲವೇ ಎಂದು ಕಾಂತರಾಜುವೂ ಆ ಪದ್ಧತಿಯ ಹಿಂದೆ ಆರಾಮಾಗಿ ನಿಂತುಕೊಂಡ. ಆದರೆ ಮಾರ್ಗಶಿರದ ಕೊನೆಗೆ ಅವರ ಸೀಮೆಹಸು ಕರು ಹಾಕಿತು. ಕೊಟ್ಟಿಗೆಯಲ್ಲಿ ಘಮ್ಮೆನ್ನುವ ವಾಸನೆ ಬಂದಾಗ ಅವನು ಹೋಗಿ ನೋಡಿದ. ಹಸುವಿನ ಮುಂದಿನ ಗೊಂತಿನಲ್ಲಿ ಕರಡವಿತ್ತು. “ಬಾಣಂತಿ ಅಸ ಕಣ್ಲಾ, ಬರೀ ಒಣ ಕೂಳೆ ತಿಂದ್ರೆ ಆಲು ಎಲ್ಲಿಂದ ಬತ್ತದೆ?” ಎಂದಳು ತಿಮ್ಮಮ್ಮ. ಸಂಕ್ರಾಂತಿ ಇನ್ನೂ ಆಗಿಲ್ಲವಲ್ಲ ಎಂದು ಅವನು ಮೆತ್ತಗೆ ಅಂದದ್ದಕ್ಕೆ, “ಅದು ನಮ್ಮನೆ ಮೆದೆ ಅಲ್ವಲ್ಲ, ಅದ್ಕೆಂಥ ಸಂಕ್ರಾಂತಿ?” ಎಂದುಬಿಟ್ಟಳು. ತನ್ನ ಮೆದೆ ಅಲ್ಲ ಎಂದ ಮೇಲೆ ಅದರ ಹುಲ್ಲು ಅದರ ಯಜಮಾನನ ತಟ್ಟುಗಳಿಗೆ ಯಾಕೆ ಹೋಗಬಾರದು ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ಎರಡು ದಿನಕ್ಕೆ ತಾನೇ ಎಂದುಕೊಂಡ. ಎರಡು ದಿನ ಹದಿನೈದು ದಿನವಾಯಿತು. ಹಾಲು ಚೆನ್ನಾಗಿ ಇಳಿಯಿತು. ಮೆದೆಯ ಗೋಡೆ ಕಡೆಯ ಮಗ್ಗುಲಿನಲ್ಲಿ ಹುಲ್ಲು ಹಿರಿದು ಹಿರಿದು ಒಬ್ಬ ಮನುಷ್ಯ ಕೂರುವಷ್ಟು ದೊಡ್ಡ ಗುಳಿ, ಬಗರಿ, ಬಿತ್ತು.

ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯನ್ನಾದರೂ ಅವನು ಉಳಿಸಿಕೊಳ್ಳಬಹುದಿತ್ತು. ಅದನ್ನೂ ಉಳಿಸಿಕೊಳ್ಳಲಿಲ್ಲ. ಹಸು ಕರು ಹಾಕಿದ ನಾಲ್ಕನೇ ದಿನ ಮಧ್ಯಾಹ್ನ ಬಯಲಿನಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ಇಳಿದಿದ್ದ. ಬೆಳ್ಳಿ ಈ ಸಲ ತಿರುಗಲಿಲ್ಲ, ಕಿವಿ ಒತ್ತಲಿಲ್ಲ. ಸುಮ್ಮನೆ ನಿಂತಿತು. ಹೀಗೆ ಸುಮ್ಮನೆ ನಿಂತದ್ದು ಒಳ್ಳೆಯ ಲಕ್ಷಣವಲ್ಲ ಎಂದು ಅವನೊಳಗಿನ ಎತ್ತು ಬಲ್ಲ ಮನುಷ್ಯನಿಗೆ ಆಗಲೇ ತಿಳಿದಿತ್ತು. ಕೂದಲೊಳಗೆ ಕೈಯಿಟ್ಟ. ಮೇಲಕ್ಕೆ ಬೆಚ್ಚಗೆ ಮೆತ್ತಗಿದ್ದದ್ದು ಕೂದಲಷ್ಟೆ, ಅದರ ಕೆಳಗೆ ಮೂಳೆಯಿತ್ತು. ಒಂದು, ಅದರ ಪಕ್ಕ ಹಳ್ಳ, ಮತ್ತೊಂದು, ಮತ್ತೆ ಹಳ್ಳ. ಬೆರಳು ತಾನಾಗಿ ಮೂರನೆಯದಕ್ಕೆ ಹೊರಟಿತ್ತು. ಅವನು ಕೈ ಎಳೆದುಕೊಂಡು ಪಂಚೆಗೆ ಒರೆಸಿಕೊಂಡ, ಏನೋ ಅಂಟಿದೆಯೆಂಬಂತೆ. ವಯಸ್ಸಾದ ಪ್ರಾಣಿ, ಅಷ್ಟಿಲ್ಲದಿರುತ್ತದೆಯೇ ಎಂದುಕೊಂಡು ಏರಿ ಹತ್ತಿದ. ಬೆಳ್ಳಿ ಅವನ ಹಿಂದೆ ಹತ್ತು ಹೆಜ್ಜೆ ಬಂತು. ಜಟಕಾ ಕುದುರೆ, ಮನುಷ್ಯ ಬಂದನೆಂದರೆ ಏನಾದರೂ ತಂದಿರುತ್ತಾನೆಂದು ಅದಕ್ಕೆ ಅಭ್ಯಾಸ. ಸಂಕ್ರಾಂತಿಗೆ ಇನ್ನೆಷ್ಟು ದಿನವೆಂದು ಮನೆಗೆ ಬಂದು ಕ್ಯಾಲೆಂಡರ್ ನೋಡಿದ. ಎರಡು ವಾರವಿತ್ತು. ಎರಡು ವಾರ ಯಾವ ಮಹಾ ಎಂದುಕೊಂಡು ಊಟಕ್ಕೆ ಕೂತ, ಊಟ ಸೇರಿತು. ಇದನ್ನು ನೆನೆದಾಗಲೆಲ್ಲ ಅವನಿಗೆ ಅತಿ ಹೆಚ್ಚು ನಾಚಿಕೆಯಾಗುತ್ತಿದ್ದದ್ದು ಆ ಊಟ ಸೇರಿದ್ದಕ್ಕೆ.

ಈಗ ಸಂಕ್ರಾಂತಿಗೆ ಮೂರು ದಿನ. ಮನೆಗೆ ಬಂದವನು ಸೈಕಲ್ ಒರಗಿಸಿ ನೇರ ಹಿತ್ತಲಿಗೆ ಹೋದ. ಬಗರಿಯನ್ನು ನೋಡಿದ. ಎಷ್ಟು ಹೊತ್ತು ನೋಡಿದರೂ ಅದು ಚಿಕ್ಕದಾಗಲಿಲ್ಲ. ಮೇಲಿನಿಂದ ಕರಡ ಜಗ್ಗಿ ಮುಚ್ಚಲು ಹೋದರೆ ಮೆದೆ ಒಂದು ಕಡೆಗೆ ವಾಲಿತು. ಆಮೇಲೆ ಅವನು ಯಾವತ್ತೂ ಮಾಡದ ಕೆಲಸ ಮಾಡಿದ. ಪಕ್ಕದ ಭತ್ತದ ಹುಲ್ಲಿನ ಮೆದೆಗೆ, ಸಂಕ್ರಾಂತಿಯ ಕಿಚ್ಚು ಕಾಣದ ಮೆದೆಗೆ, ಕೈ ಹಾಕಿ ಹಿರಿದ. ಒಂದು ತಬ್ಬು, ಎರಡು ತಬ್ಬು, ನಾಲ್ಕು ತಬ್ಬು. ಬಗರಿಗೆ ತುರುಕಿ, ಹೊರಗಡೆ ಒಂದು ಪದರ ಕರಡವನ್ನು ಬಾಚಿ ಇಳಿಬಿಟ್ಟು ಸರಿಮಾಡಿದ. ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದ. ಪರವಾಗಿಲ್ಲ, ದೂರದಿಂದ ಗೊತ್ತಾಗುವುದಿಲ್ಲ. ತಿರುಗಿದರೆ ಹೆಂಡತಿ ಪ್ರಮೀಳಾ ಕೊಟ್ಟಿಗೆ ಬಾಗಿಲಲ್ಲಿ ಸಗಣಿ ಮಂಕರಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ಆ ನಾಕು ತಬ್ಬು ಉಲ್ಲ ತಕ್ಕೊಂಡೋಗಿ ಅವುಗಳ ಮುಂದೆ ಆಕಿದ್ರೆ ಆಗೋದಲ್ರೀ,” ಎಂದಳು. ದನಿಯೇನೂ ಜೋರಿರಲಿಲ್ಲ. “ಅಮ್ಮಂಗೆ ಗೊತ್ತಾದ್ರೆ?” ಎಂದ ಇವನು, ಮಾತು ಎಲ್ಲಿಗಾದರೂ ತಿರುಗಲಿ ಎಂದು. “ಈಗ ಗೊತ್ತಾಗಕಿಲ್ವಾ?” ಎಂದು ಅವಳು ಮಂಕರಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದಳು. ಅಂಗಳದಲ್ಲಿ ತಿಮ್ಮಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಅವನ ಮೈಗೆ ಅಂಟಿದ್ದ ಭತ್ತದ ಹುಲ್ಲಿನ ಎಳೆಗಳನ್ನು ನೋಡಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಜಗಲಿಯ ಮೇಲೆ ಕೂತು ಕಾದ. ಹನ್ನೆರಡು ವರ್ಷದ ಹುಡುಗನಾಗಿ ಇದೇ ಜಗಲಿಯ ಮೇಲೆ ಹೀಗೇ ಮಂಟಯ್ಯನಿಗೆ ಕಾಯುತ್ತಿದ್ದ. ಕಂಪಲಾಪುರದ ಹೈಸ್ಕೂಲಿಗೆ ಊರಿನಿಂದ ಹೋಗುತ್ತಿದ್ದವನು ಅವನೊಬ್ಬನೇ. ದಿನಾ ಬೆಳಿಗ್ಗೆ ಜಟಕಾ ನಿಲ್ಲುತ್ತಿತ್ತು, ಮುಂದೆ ಮಂಟಯ್ಯನ ಪಕ್ಕದಲ್ಲಿ ಜಾಗ, ಕೆರೆ ದಾಟಿದ ಮೇಲೆ ಲಗಾಮು ಅವನ ಕೈಗೆ. ಮೂರು ತಿಂಗಳು ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ. ಒಂದು ದಿನ ಸ್ಕೂಲಿನ ಗೇಟಿನ ಮುಂದೆ ಇಳಿಯುವಾಗ ಪೇಟೆಯ ಹುಡುಗರು ನೋಡಿ, ಜಟಕಾ ಸಾಬಿಯ ಮಗ ಬಂದ, ಲದ್ದಿ ವಾಸನೆ ಬಂತು ಎಂದು ಮೂಗು ಮುಚ್ಚಿಕೊಂಡರು. ಮಾರನೆಯ ದಿನ ಕಂಪಲಾಪುರದ ಹೊರಗಿನ ಆಲದ ಮರ ಬಂದಾಗ ಅವನು, ಇಲ್ಲೇ ಇಳಿದುಬಿಡುತ್ತೇನೆ ಮಂಟಣ್ಣ, ನಡೆದುಕೊಂಡು ಹೋದರೆ ಕಾಲು ಗಟ್ಟಿಯಾಗುತ್ತದಂತೆ ಎಂದ. ಮಂಟಯ್ಯ ಅವನ ಮುಖ ನೋಡಿ ಲಗಾಮು ಎಳೆದ. ಅದರ ಮಾರನೆಯ ದಿನ ಹುಡುಗ ಬಾಯಿ ಬಿಡುವ ಮುಂಚೆಯೇ ಆಲದ ಮರದ ಕೆಳಗೆ ಜಟಕಾ ತಾನಾಗಿ ನಿಂತಿತು. ಹೈಸ್ಕೂಲು ಮುಗಿಯುವವರೆಗೂ ಹಾಗೆಯೇ ನಿಂತಿತು. ಮಂಟಯ್ಯ ಒಂದು ದಿನವಾದರೂ ಯಾಕೆಂದು ಕೇಳಿದ್ದರೆ, ಒಂದು ಸಲ ಬೈದಿದ್ದರೆ, ಅದು ಅಲ್ಲಿಗೇ ಮುಗಿದುಹೋಗುತ್ತಿತ್ತೇನೋ. ಈಗ ಮಂಟಯ್ಯ ಬೈಯುತ್ತಾನೆ, ಬೈಯಲೇಬೇಕು ಎಂದು ಕಾಂತರಾಜು ಅಂದುಕೊಂಡ. ಹಾಗೆ ಅಂದುಕೊಂಡು, ಇನ್ನೊಮ್ಮೆ ಎದ್ದು ಹೋಗಿ ಮೆದೆಯ ಆ ಮಗ್ಗುಲನ್ನು ಸವರಿ ಬಂದ.

ಬಸ್ ಸ್ಟ್ಯಾಂಡಿನ ಕಡೆಯಿಂದ ಆಟೋ ಬಂತು. ಮಂಟಯ್ಯ ಮೊದಲು ಕೋಲು ಇಳಿಸಿ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಳಿಸಿದ. ಅರ್ಧ ಆಳಾಗಿದ್ದ. “ಆಟೋದಲ್ಲಿ ಬಂದ್ನಲ್ಲ, ನೋಡಿದ್ಯಾ ನನ್ ಅಣೇಬರ,” ಎಂದು ನಕ್ಕ. ತಿಮ್ಮಮ್ಮ ಕಾಫಿ ಕೊಟ್ಟು, ಸೊಂಟ ಹೇಗಿದೆ, ಮಗಳು ಹೇಗಿದ್ದಾಳೆ ಎಂದು ಕೇಳಿದಳು. ಮಂಟಯ್ಯ ಲೋಟ ಹಿಡಿದುಕೊಂಡೇ ಕೊಟ್ಟಿಗೆಗೆ ನಡೆದು ಕರುವಿನ ತಲೆ ತುರಿಸಿದ, ಹಸುವಿನ ಕೆಚ್ಚಲು ನೋಡಿದ, ಗೊಂತಿನ ಮೇಲೆ ಒಂದು ಕ್ಷಣ ಕೈಯೂರಿ ನಿಂತ. “ಒಳ್ಳೆ ಅಸ. ಆಲು ಚೆನ್ನಾಗಿ ಕೊಡ್ತದೆ,” ಎಂದ. ಹಿತ್ತಲಿನ ಮೆದೆಗಳ ಕಡೆ ಅವನ ಕಣ್ಣು ಹಾದುಹೋಯಿತು, ನಿಲ್ಲಲಿಲ್ಲ. ಕಾಂತರಾಜುವಿನ ಉಸಿರು ಸಡಿಲವಾಯಿತು. “ನಡಿಯಪ್ಪ, ನೋಡ್ಬುಡಾನ ನಮ್ಮವರನ್ನ,” ಎಂದು ಮಂಟಯ್ಯ ಲೋಟ ಕೆಳಗಿಟ್ಟ.

ಏರಿಯಿಂದ ಬಯಲಿಗೆ ಇಳಿಯುವುದು ಅವನಿಗೆ ಕಷ್ಟವಾಯಿತು. ಕಾಂತರಾಜು ರಟ್ಟೆ ಹಿಡಿದು ಇಳಿಸಿದ. ಮಂಟಯ್ಯ ನಾಲಗೆಯಲ್ಲಿ ಲೊಚಗುಟ್ಟಿದ್ದೇ ತಡ, ಅಷ್ಟು ದೂರದಲ್ಲಿದ್ದ ಬೆಳ್ಳಿ ತಲೆಯೆತ್ತಿತು. ಓಡಿ ಬರಲಿಲ್ಲ. ಓಡಿ ಬರುತ್ತದೆಂದು ಕಾಂತರಾಜುವೂ ಕಾದಿದ್ದ. ನಡೆದುಕೊಂಡು, ಮಧ್ಯೆ ಒಂದು ಸಲ ನಿಂತು, ಬಂದು ಮಂಟಯ್ಯನ ಎದೆಗೆ ಹಣೆಯಿಟ್ಟಿತು. “ಏನವ್ವ, ಏನ್ ತಾಯಿ,” ಎನ್ನುತ್ತ ಅವನು ಕೋಲನ್ನು ಬದುವಿಗೆ ಚುಚ್ಚಿ, ಎಡಗೈಯಲ್ಲಿ ಅದರ ಕುತ್ತಿಗೆ ತಬ್ಬಿ ನಿಂತು, ಬಲಗೈಯನ್ನು ಭುಜದಿಂದ ಹಿಂದಕ್ಕೆ ಸವರತೊಡಗಿದ. ಆ ಕೈ ಕೂದಲೊಳಗೆ ಹೋಯಿತು. ನಿಂತಿತು. ಸ್ವಲ್ಪ ಹಿಂದಕ್ಕೆ ಹೋಯಿತು, ಮತ್ತೆ ನಿಂತಿತು. ಸೊಂಟದ ಮೂಳೆಯ ಮೇಲೆ ಅಂಗೈ ಊರಿ, ಬಾಲದ ಬುಡದಲ್ಲಿ ಬಿದ್ದ ಹಳ್ಳವನ್ನು ಹೆಬ್ಬೆರಳಲ್ಲಿ ನೋಡಿತು. ಕಾಂತರಾಜುವಿಗೆ ತನ್ನ ಮೈಮೇಲೇ ಆ ಕೈ ಓಡಾಡಿದಂತೆ ಆಯಿತು. “ಎಷ್ಟು ದಿನದಿಂದ ಕರಡ ಆಕ್ತಿದ್ದೀಯಪ್ಪ?” ಎಂದು ಮಂಟಯ್ಯ ಕೇಳಿದ, ಅವನ ಕಡೆ ತಿರುಗದೆ. ಹಾಕಿಲ್ಲ ಮಂಟಣ್ಣ ಎಂದು ಹೇಳುವುದಕ್ಕೆ ಉಸಿರು ತೆಗೆದುಕೊಂಡ. “ಒಂದು ತಿಂಗಳಾಯ್ತು ಮಂಟಣ್ಣ,” ಎಂದಿತು ಬಾಯಿ.

ಮಂಟಯ್ಯ ಬೆಳ್ಳಿಯ ಬಾಲದ ಬುಡದಿಂದ ಕೈ ತೆಗೆದ. “ತಿಂಗಳಿಂದ ಕರಡ ತಿಂದೂ ಇಂಗಿದ್ದಾಳೆ ಅಂದ್ರೆ,” ಎಂದು ಆಮೇಲೆ ನಿಧಾನವಾಗಿ ಅಂದ, “ಅಲ್ಲು ಓದ್ವು ಅಂತ ಕಾಣ್ತದೆ. ದವಡೆ ಅಲ್ಲು ಓದ್ರೆ ಇವು ಅಗಿಯಕ್ಕಾಗ್ದೆ ಉಂಡೆ ಮಾಡಿ ಮಾಡಿ ಉಗುಳ್ತವೆ. ಎಷ್ಟಾಕಿದ್ರೂ ಮೈಗತ್ತಕಿಲ್ಲ. ಇಪ್ಪತ್ತೆರಡು ವರ್ಷ ಆಯ್ತಲ್ಲ ಇವಳಿಗೂ.” ಮತ್ತೆ ಅದರ ಹಣೆ ಸವರಿದ. “ಅಂಗಾಗಿದ್ರೆ ನರಳಿಸ್ಬಾರ್ದು ಕಣಪ್ಪ. ಡಾಕ್ಟ್ರಿಗೆ ಯೋಳಿ ಒಂದು ಸೂಜಿ ಆಕಿಸ್ಬುಡದು. ನಾನಿರೋವಾಗ್ಲೇ ಆಗೋಗ್ಲಿ.” ಅವನ ದನಿ ಒಡೆಯಲಿಲ್ಲ, ಸಣ್ಣದಾಯಿತು ಅಷ್ಟೆ. ಕಾಂತರಾಜು ಒಂದು ಹೆಜ್ಜೆ ಮುಂದೆ ಬಂದ. ಅದಕ್ಕೇನೂ ಆಗಿಲ್ಲ, ಹಸಿವು ಅಷ್ಟೆ, ನಾನು ಹಾಕಿಲ್ಲ. ಇಷ್ಟೇ ಹೇಳಬೇಕಾದದ್ದು. ಹೇಳಿದರೆ ಒಂದು ಜೀವ ಉಳಿಯುತ್ತದೆ. ಹೇಳುವ ಮುಂಚೆ ಮಂಟಯ್ಯನೇ ತಿರುಗಿ, “ಒಂದು ಕಂತೆ ಕರಡ ತತ್ತಾ ಓಗು. ಉಗುಳ್ತಾಳಾ ನೋಡ್ಬುಡಾನ,” ಎಂದ.

ಕಾಂತರಾಜು ಓಡಿದ. ನಲವತ್ತಾರು ವರ್ಷದವನು ಹಾಗೆ ಓಡಿದ್ದನ್ನು ಏರಿಯ ಮೇಲಿದ್ದವರು ಯಾರೋ ನಿಂತು ನೋಡಿದರು. ಹಿತ್ತಲಿಗೆ ಬಂದು ಮೆದೆಯ ಮುಂಭಾಗದಿಂದ ಎರಡೂ ಕೈಯಲ್ಲಿ ಹಿರಿದ. ಕರಡದ ಘಮ ಎದ್ದಿತು, ಆಶ್ವೀಜದ ಬಿಸಿಲಿನ ಘಮ, ಇನ್ನೂ ಅಲ್ಲಲ್ಲಿ ಹಸಿರು ಉಳಿದ ಹುಲ್ಲು. ತಬ್ಬಿಕೊಂಡು ವಾಪಸ್ ಹೊರಟವನಿಗೆ ದಾರಿಯಲ್ಲಿ ತನ್ನ ಮನಸ್ಸು ಏನನ್ನು ಬೇಡುತ್ತಿದೆ ಎಂದು ಕೇಳಿಸಿತು. ಉಗುಳಲಿ ಎಂದು ಬೇಡುತ್ತಿತ್ತು. ಬೆಳ್ಳಿಯ ಹಲ್ಲು ಹೋಗಿರಲಿ, ಉಂಡೆ ಮಾಡಿ ಉಗುಳಲಿ, ಆಗ ಯಾರ ತಪ್ಪೂ ಇಲ್ಲ, ವಯಸ್ಸಿನ ತಪ್ಪು. ಅವನು ಏರಿಯ ಮೇಲೆ ನಿಂತುಬಿಟ್ಟ. ಇಷ್ಟು ವರ್ಷ ತನ್ನನ್ನು ತಾನು ಮರೆಗುಳಿ, ಸೋಮಾರಿ, ಅಮ್ಮನ ಮಾತಿಗೆ ಎದುರಾಡದವನು ಎಂದೆಲ್ಲ ಬೈದುಕೊಂಡಿದ್ದ. ಕೆಟ್ಟವನು ಎಂದು ಅಂದುಕೊಂಡಿರಲಿಲ್ಲ. ಕೆಳಗೆ ಮಂಟಯ್ಯ ಬದುವಿನ ಮೇಲೆ ಒಂದು ಕಾಲು ನೀಡಿ ಕೂತಿದ್ದ, ಎರಡು ತಟ್ಟುಗಳೂ ಅವನ ಎರಡು ಪಕ್ಕದಲ್ಲಿ ನಿಂತಿದ್ದವು. ಇಳಿದು ಹೋದ.

ಕರಡವನ್ನು ನೆಲಕ್ಕೆ ಹಾಕುವ ಮುಂಚೆಯೇ ಬೆಳ್ಳಿ ಅವನ ಎದೆಯಿಂದಲೇ ಕಿತ್ತುಕೊಂಡಿತು. ಕೆಂಚ ನುಗ್ಗಿ ಬಂದು ಅದರ ಕುತ್ತಿಗೆಯ ಕೆಳಗೆ ಮೂತಿ ತೂರಿಸಿತು. ತಾಯಿ ಮಗನನ್ನು ಕಚ್ಚಿ ಆಚೆ ತಳ್ಳಿತು, ಮಗ ಮತ್ತೆ ನುಗ್ಗಿತು. ಅಗಿಯುವ ಸದ್ದು ಬಿಟ್ಟರೆ ಬಯಲಿನಲ್ಲಿ ಬೇರೆ ಸದ್ದಿರಲಿಲ್ಲ. ಮಂಟಯ್ಯ ಅದರ ಬಾಯಿ ನೋಡುತ್ತಿರಲಿಲ್ಲ, ಬಾಯಿಯ ಕೆಳಗಿನ ನೆಲ ನೋಡುತ್ತಿದ್ದ. ಕಾಂತರಾಜುವೂ ಅಲ್ಲೇ ನೋಡಿದ. ಅಗಿದ ಒಂದು ಉಂಡೆಯೂ ಬೀಳಲಿಲ್ಲ. ಬಿದ್ದ ಒಂದೆರಡು ಚೂರನ್ನೂ ಬೆಳ್ಳಿ ತುಟಿಯಿಂದ ಆರಿಸಿ ಆರಿಸಿ ತಿಂದಿತು. ಕಂತೆ ಮುಗಿದ ಮೇಲೆ ಹುಲ್ಲಿದ್ದ ಜಾಗದ ಮಣ್ಣನ್ನು ನೆಕ್ಕಿತು. ಮಂಟಯ್ಯ ಕೋಲೂರಿ ಎದ್ದು, ಅದರ ಬಾಯಿಯ ಪಕ್ಕದಲ್ಲಿ ಬೆರಳು ತೂರಿಸಿ ದವಡೆ ಮುಟ್ಟಿ ನೋಡಿ, ಬೆರಳನ್ನು ಪಂಚೆಯ ಮೇಲೆ ಒರೆಸಿಕೊಂಡ. “ಅಲ್ಲು ಗಟ್ಟಿಯಾಗವೆ,” ಎಂದ. ಅಷ್ಟೇ ಎಂದ. ತಿಂಗಳಿಂದ ಕರಡ ತಿಂದ ಕುದುರೆ ಮಣ್ಣು ನೆಕ್ಕುವುದಿಲ್ಲ ಎಂದು ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ. ಈಗ ಬೈಯುತ್ತಾನೆ ಎಂದು ಕಾಂತರಾಜು ತಲೆ ತಗ್ಗಿಸಿ ನಿಂತ, ಬೈಗುಳಕ್ಕೆ ಮೈಯೊಡ್ಡಿಕೊಂಡು, ಬಾಯಾರಿದವನ ಹಾಗೆ.

“ಡಾಕ್ಟ್ರು ಇನ್ನು ಜಟಕಾ ಅತ್ತಂಗಿಲ್ಲ ಅಂದ್ಬುಟ್ರು ಕಾಂತು,” ಎಂದ ಮಂಟಯ್ಯ. “ಇವರಿಬ್ರನ್ನೂ ನಿನ್ ಕೈಗೇ ಕೊಟ್ಬುಡಾನ, ಇಲ್ಲೇ ಮಣ್ಣಾಗ್ಲಿ ಅಂತ ಯೋಳಕ್ಕೆ ಬಂದಿದ್ದೆ.” ಬೆಳ್ಳಿಯ ಕುತ್ತಿಗೆಯ ಕೂದಲು ಹಿಡಿದುಕೊಂಡು, “ಈಗ ಬ್ಯಾಡ. ಕಂಪಲಾಪುರದಲ್ಲಿ ದೇವಯ್ಯನ ಲಾಯ ಕಾಲಿ ಬಿದ್ದದೆ, ಅಲ್ಲಿಗೆ ಒಡ್ಕೊಂಡೋಯ್ತೀನಿ. ಅವನೂ ಜಟಕಾದವ್ನೇ,” ಎಂದ. ಕಾಂತರಾಜುವಿನ ಬಾಯಿ ಆಗ ಬಿಟ್ಟಿತು. “ಮಂಟಣ್ಣ, ನಾನು ಕರಡ ಆಕಿಲ್ಲ. ಕೈ ಇಟ್ ನೋಡಿದ್ದೆ, ಗೊತ್ತಾಗಿತ್ತು. ಆದ್ರೂ—” “ಬುಡು,” ಎಂದ ಮಂಟಯ್ಯ. ಕೋಪವಿರಲಿಲ್ಲ ಆ ದನಿಯಲ್ಲಿ. ಎಳೆಯ ಹುಡುಗನಿಗೆ ಹೇಳಿದ ಹಾಗೆ ಹೇಳಿದ. ಕಾಂತರಾಜು ಬಿಡಲಿಲ್ಲ: “ಕರಡನೆಲ್ಲ ಗಾಡಿಗೇರ್ಸಿ ಸಂಜೆಗೇ ದೇವಯ್ಯನ ಮನೆ ತಾವ ತಂದ್ಕೊಡ್ತೀನಿ.” ಮಂಟಯ್ಯ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದ. “ಬ್ಯಾಡ ಕಣಪ್ಪ. ಉಳಿದಿರೋದು ನಿಮ್ಮಸೀಗೇ ಇರ್ಲಿ, ಬಾಣಂತಿ. ಬಾಯಿಗೆ ರುಚಿ ಅತ್ತದೆ, ಈಗ ತಪ್ಪಿಸ್ಬಾರ್ದು,” ಎಂದ. ಗೊಂತಿನ ಮೇಲೆ ಕೈಯೂರಿ ನಿಂತಾಗಲೇ ಕರಡ ಎಲ್ಲಿಗೆ ಹೋಗುತ್ತಿದೆಯೆಂದು ಅವನಿಗೆ ತಿಳಿದಿತ್ತು. ಕರಡ ಎಷ್ಟು ದಿನದಿಂದ ಹಾಕುತ್ತಿದ್ದೀಯ ಎಂದು ಕೇಳಿದ್ದು, ನಿಜ ಹೇಳುವುದಕ್ಕೆ ಇವನಿಗೊಂದು ಎಡೆ ಮಾಡಿಕೊಟ್ಟದ್ದು ಎಂದು ಕಾಂತರಾಜುವಿಗೆ ಆಗ ಅರ್ಥವಾಯಿತು.

ದಾರಿಗಾದರೂ ಇರಲಿ ಎಂದು ಒಂದು ಹೊರೆ ಕರಡ ಕಟ್ಟಿ ತಲೆಯ ಮೇಲಿಟ್ಟುಕೊಂಡ. ಅದಕ್ಕೆ ಮಂಟಯ್ಯ ಬೇಡವೆನ್ನಲಿಲ್ಲ. ಮುಂದೆ ಬೆಳ್ಳಿ, ಅದರ ಕುತ್ತಿಗೆಯ ಕೂದಲು ಹಿಡಿದು ಕೋಲೂರುತ್ತ ಮಂಟಯ್ಯ, ಹಿಂದೆ ಕೆಂಚ, ಕೊನೆಗೆ ಹೊರೆ ಹೊತ್ತ ಕಾಂತರಾಜು. ಡೈರಿಯ ಕಟ್ಟೆಯ ಮೇಲೆ ಕೂತಿದ್ದವರು ನೋಡಿದರು. “ಮೈ ಕೈ ತುಂಬ್ಕೊಂಡವಲ್ಲ ತಟ್ಟುಗಳು! ಕಾಂತಣ್ಣನ ಕೈಗೆ ಬಿದ್ರೆ ಬುಡು,” ಎಂದ ಚಲುವರಾಜು. ಇಲ್ಲ ಕಣ್ಲಾ, ಬಂದು ಕೈ ಇಟ್ಟು ನೋಡು ಎಂದು ಹೇಳಬೇಕೆನಿಸಿತು. ಹೊರೆಯನ್ನು ಕಣ್ಣಿನ ಮೇಲಕ್ಕೆ ಜಗ್ಗಿಕೊಂಡು ನಡೆದ. ಮಂಟಯ್ಯನೇ ತಿರುಗಿ, “ಊಂ ಕಣಪ್ಪ, ಚೆನ್ನಾಗ್ ನೋಡ್ಕೊಂಡ,” ಎಂದು ಹೇಳಿ ಮುಂದೆ ನಡೆದ. ಇದೊಂದನ್ನು ಅವನು ಹೇಳಬಾರದಿತ್ತು. ಮೂರು ಮೈಲಿ ಅವರು ನಡೆದರು. ಮಂಟಯ್ಯ ಅಲ್ಲಲ್ಲಿ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದ. ಅವನು ನಿಂತಾಗ ಬೆಳ್ಳಿಯೂ ನಿಲ್ಲುತ್ತಿತ್ತು, ಆ ಹೊತ್ತಿನಲ್ಲಿ ಕೆಂಚ ಹಿಂದಕ್ಕೆ ಬಂದು ಕಾಂತರಾಜುವಿನ ತಲೆಯ ಮೇಲಿನ ಹೊರೆಯಿಂದ ಒಂದೊಂದು ಬಾಯಿ ಎಳೆದು ತಿನ್ನುತ್ತಿತ್ತು.

ಕಂಪಲಾಪುರ ಕಾಣಿಸಿತು. ಹೈಸ್ಕೂಲಿನ ಹೆಂಚು, ಗೇಟು, ಅದರಾಚೆ ಬಸ್ ಸ್ಟ್ಯಾಂಡಿನಲ್ಲಿ ಜನ, ಅವರಲ್ಲಿ ಅರ್ಧ ಮಂದಿ ಎತ್ತು ತೋರಿಸಲು ಅವನನ್ನು ಕರೆಯುವವರೇ. ಇವತ್ತು ತಲೆಯ ಮೇಲೆ ಹುಲ್ಲು ಹೊತ್ತು ಆ ಗೇಟಿನ ಮುಂದೆಯೇ ಹಾದು ದೇವಯ್ಯನ ಲಾಯದವರೆಗೂ ಹೋಗಬೇಕು ಎಂದು ಕಾಂತರಾಜು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದ. ಅಷ್ಟಾದರೂ ಮಾಡಬೇಕು. ಆಲದ ಮರ ಬಂತು. ಮಂಟಯ್ಯ ನಿಂತ. ಇವನ ತಲೆಯಿಂದ ತಾನೇ ಹೊರೆ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಕೆಂಚನ ಬೆನ್ನಿಗೆ ಬಿಗಿದು ಕಟ್ಟಿದ. “ನೀನು ಇಲ್ಲಿಂದ ಓಗಪ್ಪ. ಅಸ ಕರೆಯೊ ಒತ್ತಾಯ್ತದೆ,” ಎಂದ, ಅವನ ಭುಜ ತಟ್ಟಿ. ಇಲ್ಲ, ಪೂರ್ತಿ ಬರುತ್ತೇನೆ ಎಂದು ಕಾಂತರಾಜು ಹೇಳಬೇಕಿತ್ತು. ಹೇಳುವಷ್ಟು ಹೊತ್ತು ಮಂಟಯ್ಯ ನಿಂತೂ ಇದ್ದ. ಆದರೆ ಆ ಮಾತು ಕೇಳಿದೊಡನೆ ಅವನಿಗೆ ಮೊದಲು ಬಂದದ್ದು ನಿರಾಳ, ಹನ್ನೆರಡು ವರ್ಷದವನಿದ್ದಾಗ ಇದೇ ಮರದ ಕೆಳಗೆ ಇಳಿದಾಗ ದಿನಾ ಬರುತ್ತಿದ್ದಂಥದೇ ನಿರಾಳ. ಅದು ಬಂದುಬಿಟ್ಟಿತೆಂದು ಮಂಟಯ್ಯ ಅವನ ಮುಖದಲ್ಲಿ ನೋಡಿದ. ತಟ್ಟುಗಳನ್ನು ಹೊಡೆದುಕೊಂಡು ಹೊರಟುಹೋದ. ಗೇಟು ದಾಟುವವರೆಗೂ ಬೆಳ್ಳಿ ಎರಡು ಸಲ ತಿರುಗಿ ನೋಡಿತು, ಕೆಂಚನ ಬೆನ್ನ ಮೇಲಿನ ಹುಲ್ಲಿನ ಕಡೆ. ಕಾಂತರಾಜು ಮರದ ಬುಡದಲ್ಲಿ ನಿಂತೇ ಇದ್ದ. ಅಳು ಬಂದದ್ದು ಆಮೇಲೆ, ಅವರು ಕಾಣದಂತಾದ ಮೇಲೆ, ನೋಡುವವರು ಯಾರೂ ಇಲ್ಲ ಎಂದು ಸುತ್ತ ಒಮ್ಮೆ ನೋಡಿಕೊಂಡ ಮೇಲೆ.